ಕೇಳಿದ್ದೀರಿ, ಹೇಳುತ್ತೇನೆ: ಪೊರಕೆ, ಖಡ್ಗ, ಮಂತ್ರದಂಡ

ಪ್ರಶ್ನೆ: ಮಳೆಗೆ ರಜೆ ಕೊಟ್ಟರೆ ಸಾಕು, ಎರಡನೇ ತರಗತಿಯ ನನ್ನ ಮಗ ಮಾಂತ್ರಿಕರ ಕಾರ್ಟೂನ್ ಹಾಕಿಕೊಂಡು ಕೂರುತ್ತಾನೆ. ಲೆಕ್ಕದ ಪುಸ್ತಕಕ್ಕೆ ಕಡ್ಡಿ ತೋರಿಸಿ ಏನೋ ಮಣಮಣ ಮಂತ್ರ ಹೇಳುತ್ತಾನೆ. “ಪರದೇಶದ ಕಥೆ ನೋಡಿ ಹುಡುಗ ಕೆಟ್ಟ” ಎಂದು ಮಾವನವರ ಗೊಣಗಾಟ. ಬಿಡಿಸಬೇಕೇ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ತೀರ್ಥಹಳ್ಳಿಯಲ್ಲಿ ಕುಳಿತು ಈ ಮಾತೇ? ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿ ಓಡಿಸುವವನನ್ನು ಬ್ರೌನಿಂಗ್ ಇಂಗ್ಲಿಷ್ ಪದ್ಯಕ್ಕೆ ತಂದ. ನಿಮ್ಮದೇ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವನನ್ನು ತುಂಗೆಯ ದಡಕ್ಕೆ ಕರೆತಂದು, ಕೊಳಲು ಬಿಡಿಸಿ ಕೈಗೆ ಕಿಂದರಿ ಕೊಟ್ಟು ಜೋಗಿಯನ್ನಾಗಿ ಮಾಡಿದರು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಆ ಪದ್ಯದಲ್ಲಿ ಇಲಿಗಳ ದಂಡು ಹೊರಟಿತೆಂದರೆ ಹಿಂದಿನ ಬೆಂಚಿನ ತುಂಟರೂ ತಾಳಕ್ಕೆ ಸರಿಯಾಗಿ ಡೆಸ್ಕು ಗುದ್ದುತ್ತಿದ್ದರು. ಪಕ್ಕದ ತರಗತಿಯ ಮೇಷ್ಟರು ಬಂದು ಇಣುಕಿದ್ದೂ ಉಂಟು. ಜೋಗಿ ಯಾವ ದೇಶದವನೆಂದು ಒಬ್ಬರೂ ವಿಚಾರಿಸಲಿಲ್ಲ.

ಬಿಡಿಸಬೇಡಿ. ಬದಲಿಗೆ 1940ರ ಡಿಸ್ನಿ ಚಿತ್ರ ‘ಫ್ಯಾಂಟೇಸಿಯಾ’ದಲ್ಲಿ ಮಿಕ್ಕಿ ಮೌಸ್ ಮಾಂತ್ರಿಕನ ಶಿಷ್ಯನಾಗಿ ಬರುವ ಭಾಗವನ್ನು ನೀವೇ ಹಾಕಿ ತೋರಿಸಿ. ಜರ್ಮನ್ ಕವಿ ಗಯಟೆ 1797ರಲ್ಲಿ ಬರೆದ ಪದ್ಯದ ಕಥೆ ಅದು. ನೀರು ಹೊರುವ ಕೆಲಸ ತಪ್ಪಿಸಿಕೊಳ್ಳಲು ಮಿಕ್ಕಿ ಗುರುವಿನ ಟೋಪಿ ಹಾಕಿಕೊಂಡು ಪೊರಕೆಗೆ ಜೀವ ಬರಿಸುತ್ತಾನೆ. ಅದರ ಎರಡು ಕೈಗೂ ಕೊಡ ಕೊಟ್ಟು, ತಾನು ಕುರ್ಚಿಯಲ್ಲಿ ನಿದ್ದೆಹೋಗುತ್ತಾನೆ. ಎಚ್ಚರವಾದಾಗ ಕುರ್ಚಿಯೇ ತೇಲುತ್ತಿದೆ! ನಿಲ್ಲಿಸುವ ಮಂತ್ರ ಅವನಿಗೆ ಗೊತ್ತಿಲ್ಲ. ಕೊಡಲಿ ತಂದು ಪೊರಕೆಯನ್ನು ಕಡಿದರೆ, ಒಂದೊಂದು ಚೂರೂ ಎದ್ದು ನಿಂತು, ಕೈ ಮೂಡಿ, ಕೊಡ ಹಿಡಿದು ಸಾಲಾಗಿ ನೀರಿಗೆ ಹೊರಡುತ್ತದೆ. ಕೊನೆಗೆ ಗುರು ಬಂದು ನೀರಿಳಿಸಿ, ಅದೇ ಪೊರಕೆಯಿಂದ ಶಿಷ್ಯನ ಹಿಂಭಾಗಕ್ಕೆ ಒಂದು ಕೊಡುತ್ತಾನೆ. ಅರ್ಧ ಲೆಕ್ಕ ಬಿಟ್ಟೇಳುವ ಹುಡುಗನಿಗೆ ನಾನು ನೀವು ಬುದ್ಧಿ ಹೇಳುವುದಕ್ಕಿಂತ ಇದು ವಾಸಿ. ಮಾವನವರನ್ನೂ ಪಕ್ಕದಲ್ಲಿ ಕೂರಿಸಿ.

ಪ್ರಶ್ನೆ: ನಮ್ಮ ಕಥೆಗಳ ಮಂತ್ರವಾದಿ ಯಾವಾಗಲೂ ದುಷ್ಟ, ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಇಟ್ಟವನು. ಅವರ ಮಾಂತ್ರಿಕರು ಮಾತ್ರ ಗಡ್ಡ ಬಿಟ್ಟ ಒಳ್ಳೆಯ ಅಜ್ಜಂದಿರು. ಯಾಕೆ ಹೀಗೆ?
– ಪದವಿ ವಿದ್ಯಾರ್ಥಿ, ಸಾಗರ

ಉತ್ತರ: ಮಕ್ಕಳನ್ನು ಬೇಯಿಸಿ ತಿನ್ನುವ ಮುದುಕಿಯರು ಅವರ ಕಥೆಗಳಲ್ಲಿ ಬೇಕಾದಷ್ಟಿದ್ದಾರೆ, ಅದಿರಲಿ. ನಮ್ಮಲ್ಲಿ ಒಳ್ಳೆಯ ಮಾಟಗಾರ ತನ್ನನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಮೈಮೇಲೆ ನೀರು ಸುರಿಸಿಕೊಂಡು ಹೂಮರವಾಗುವ ಜನಪದ ಕಥೆಯ ಹುಡುಗಿ ಯಾವ ಟೋಪಿ ಹಾಕಿದ್ದಳು?

ನಿಮ್ಮ ಜಿಲ್ಲೆಯಲ್ಲೇ ಶಿಕಾರಿಪುರದ ಹತ್ತಿರ ಬಳ್ಳಿಗಾವಿಯಿದೆ, ಅಲ್ಲಮಪ್ರಭುವಿನ ಊರು. ಅಲ್ಲಮನೂ ಸಿದ್ಧಯೋಗಿ ಗೋರಕ್ಷನೂ ಎದುರಾದ ಕಥೆ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿದೆ. ಗೋರಕ್ಷನಿಗೆ ತನ್ನದು ವಜ್ರಕಾಯ ಎಂಬ ಹೆಮ್ಮೆ. ಖಡ್ಗದಿಂದ ಹೊಡೆದರೆ ಖಣಿಲ್ ಎಂದಿತೇ ಹೊರತು ಕೂದಲೂ ಕೊಂಕಲಿಲ್ಲ. ಅದೇ ಖಡ್ಗವನ್ನು ಅಲ್ಲಮನ ಮೇಲೆ ಬೀಸಿದಾಗ ಬರಿ ಬಯಲಿನಲ್ಲಿ ಬೀಸಿದಂತೆ ಆಚೆಗೆ ಹೋಯಿತು. ಸದ್ದೂ ಇಲ್ಲ.

ಈಗ 1963ರ ಡಿಸ್ನಿಯ ‘ದಿ ಸ್ವೋರ್ಡ್ ಇನ್ ದಿ ಸ್ಟೋನ್’ ನೋಡಿ. ಗಡ್ಡದ ಮಾಂತ್ರಿಕ ಮರ್ಲಿನ್ ಮತ್ತು ಮಾಟಗಾತಿ ಮಿಮ್ ರೂಪ ಬದಲಿಸುತ್ತ ಕಾದಾಡುತ್ತಾರೆ. ಮಾಯವಾಗಕೂಡದು ಎಂದು ನಿಯಮ ಹಾಕಿದವಳು ಅವಳೇ. ನಿಯಮ ಮುರಿಯುವವಳೂ ಅವಳೇ. ಆಕೆ ಬೆಂಕಿ ಉಗುಳುವ ಡ್ರ್ಯಾಗನ್ ಆದಾಗ ಮರ್ಲಿನ್ ಕಣ್ಣಿಗೇ ಕಾಣುವುದಿಲ್ಲ. ರೋಗಾಣುವಾಗಿ ಅವಳ ಮೈಸೇರಿ ಜ್ವರ ಬರಿಸಿದ್ದಾನೆ! ಮೈ ಉಬ್ಬಿಸಿದವಳು ಹಾಸಿಗೆ ಹಿಡಿದಳು, ಇಲ್ಲವಾದಷ್ಟು ಚಿಕ್ಕವನಾದವನು ಗೆದ್ದ. ಅಲ್ಲಮನದು ಅನುಭಾವ, ಮರ್ಲಿನ್‌ನದು ಕಿಲಾಡಿತನ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ನಿಮ್ಮ ಗಡ್ಡದಜ್ಜ ನಮ್ಮವರಿಂದ ಅಷ್ಟೇನೂ ದೂರದವನಲ್ಲ.

ಪ್ರಶ್ನೆ: ಅಜ್ಜಿ, ಮಂತ್ರದಂಡ ಮಾಡಲು ಯಾವ ಮರ ಒಳ್ಳೆಯದು?
– ನಾಲ್ಕನೇ ತರಗತಿ, ಭದ್ರಾವತಿ

ಉತ್ತರ: ಕಾಫಿ ಗಿಡದ ಒಣ ರೆಂಬೆ. ಗಟ್ಟಿಯಾಗಿರುತ್ತದೆ, ಸಿಪ್ಪೆ ತೆಗೆದರೆ ನುಣುಪು. ಬಿದ್ದದ್ದನ್ನೇ ಹೆಕ್ಕು, ಗಿಡದಿಂದ ಮುರಿದರೆ ತೋಟದವರು ಬೈಯುತ್ತಾರೆ. ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೋ; ತಂಗಿಯ ಕಣ್ಣಿನ ಹತ್ತಿರ ಮಾತ್ರ ಬೀಸಬೇಡ.