ಸೂರ್ಯೋದಯ ಬಿಡಿ, ಕಲ್ಲುಕೂಚದ ಬಗ್ಗೆ ಬರೆಯಿರಿ

ನಮಸ್ಕಾರ,

ಬಂಡೆ, ಗೋಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನ (ಲೈಕೆನ್) ಬಗ್ಗೆ ನೀವು ಕಳಿಸಿದ ಲೇಖನ 'ನಂದಿಬೆಟ್ಟದ ಮೌನ ಸಾಕ್ಷಿಗಳು' ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಳಗೊಂದು ಒಳ್ಳೆಯ ಲೇಖನ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪ್ಯಾರಾ ತೆಗೆಯಿರಿ. ಮಂಜು, ಸೂರ್ಯೋದಯ, ಬೈಕಿನ ಹುಡುಗರು, ಇದನ್ನು ನಂದಿಗೆ ಹೋದವರೆಲ್ಲ ಬರೆಯುತ್ತಾರೆ. ಕಲ್ಲುಹೂವು ಬರುವುದೇ ನಾಲ್ಕನೇ ಪ್ಯಾರಾದಲ್ಲಿ, ಅದೂ 'ಕಾಲ ಬರೆದ ಕವಿತೆ' ಅಂತ. ಅಯ್ಯೋ, ಬೇಡ. ಬಣ್ಣ ಯಾವುದು, ಅಂಚು ಹೇಗಿದೆ, ಉಗುರಿನಿಂದ ಕೆರೆದರೆ ಏಳುತ್ತದಾ? ಒಂದೂ ಇಲ್ಲ. ನೀವು ಬಗ್ಗಿ ನೋಡಿಲ್ಲ ಅನ್ನಿಸುತ್ತದೆ.

'ಬೇರು ಬಿಟ್ಟು ಕಲ್ಲಿನ ಸಾರ ಹೀರುವ ಗಿಡ' ಅಂದಿದ್ದೀರಿ. ಅದು ಗಿಡವಲ್ಲ, ಬೇರೂ ಇಲ್ಲ. ಒಂದು ಶಿಲೀಂಧ್ರ, ಅದರೊಳಗೆ ಪಾಚಿ. ಬಿಸಿಲಿನಲ್ಲಿ ಆಹಾರ ಮಾಡುವುದು ಪಾಚಿ, ಮನೆ ಕಟ್ಟಿಕೊಡುವುದು ಶಿಲೀಂಧ್ರ, ನೀರು ಮಳೆ ಇಬ್ಬನಿಯಿಂದ. 1860ರ ದಶಕದಲ್ಲಿ ಶ್ವೆಂಡೆನರ್ ಎಂಬ ಸ್ವಿಸ್ ವಿಜ್ಞಾನಿ ಇದನ್ನು ಹೇಳಿದಾಗ ಆ ಕಾಲದ ಎಷ್ಟೋ ತಜ್ಞರು ಒಪ್ಪಲೇ ಇಲ್ಲ. ಸಾರಿಗೆ ಹಾಕುವ ಕಲ್ಲುಹೂವು ಎಲೆಯಂಥದ್ದು, ಬಿಡಿಸಬಹುದು. ನೀವು ಕಂಡ ಹಕ್ಕಳೆಯಂಥದ್ದರ ಎಳೆಗಳು ಕಲ್ಲಿನ ಕಣಗಳ ನಡುವೆ ಇಳಿದಿರುತ್ತವೆ, ಕಲ್ಲಿನ ಚೂರು ಕಿತ್ತುಬರದೆ ಅದು ಏಳುವುದಿಲ್ಲ. ಬೂದು ಬಣ್ಣದ್ದರ ಮೇಲೆ ಎರಡು ಹನಿ ನೀರು ಹಾಕಿ ನೋಡಿ, ಮೇಲ್ಪದರ ತಿಳಿಯಾಗಿ ಒಳಗಿನ ಪಾಚಿಯ ಹಸಿರು ಕಾಣುತ್ತದೆ. ಇದನ್ನು ನೀವೇ ನೋಡಿ ಬರೆದರೆ ಕವಿತೆ ಬೇಕಾಗುವುದಿಲ್ಲ, ಅಲ್ವಾ?

ಬೆಟ್ಟದ ಬುಡದ ಭೋಗನಂದೀಶ್ವರ ಗುಡಿ 9ನೇ ಶತಮಾನದ್ದು, ಹಾಗಾಗಿ ಗೋಡೆಯ ಮೇಲಿನ ಕಲ್ಲುಹೂವಿಗೂ ಸಾವಿರ ವರ್ಷ ಅನ್ನುವ ನಿಮ್ಮ ಲೆಕ್ಕ ನಿಲ್ಲುವುದಿಲ್ಲ. ಬೆಳೆಯುವುದು ವರ್ಷಕ್ಕೆ ಒಂದೆರಡು ಮಿಲಿಮೀಟರೋ ಅದಕ್ಕಿಂತ ಕಮ್ಮಿಯೋ, ಸರಿ. ಆದರೆ ಗೋಡೆಗೆ ವಯಸ್ಸಾಗಿದೆ ಅಂದರೆ ಅದರ ಮೇಲೆ ಕೂತದ್ದಕ್ಕೂ ಅಷ್ಟೇ ವಯಸ್ಸು ಅಂತಲ್ಲ. 'ಕಲ್ಲುಹೂವು ಇದೆ, ಗಾಳಿ ಶುದ್ಧ' ಅಂತ ಮುಗಿಸಿದ್ದೂ ಹಾಗೇ. ಗಂಧಕದ ಹೊಗೆಗೆ ಮೊದಲು ಸಾಯುವುದು ಸಾಮಾನ್ಯವಾಗಿ ಗಡ್ಡದಂತೆ ಜೋತುಬೀಳುವ ಜಾತಿಗಳು. ಹಕ್ಕಳೆ ಕಟ್ಟುವ ಕೆಲವು ಪೇಟೆಯ ಕಾಂಪೌಂಡಿನ ಮೇಲೂ ಬದುಕುತ್ತವೆ.

ಈಗ ಅಸಲಿ ವಿಷಯ. ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: ದ್ರಾಕ್ಷಿ ತೋಟದೊಳಗೆ ಬಳ್ಳಿಗೆ ಆಸರೆಯಾಗಿ ನೆಟ್ಟ ಕಲ್ಲುಕೂಚಗಳು ಬೋಳು, ಅದೇ ಕಲ್ಲಿನ ಬೇಲಿಕೂಚಗಳ ತುಂಬ ಕಲ್ಲುಹೂವಿನ ಕಲೆ. ಇದನ್ನು ಬಿಟ್ಟು ನೀವು ನಂದಿ ಹತ್ತಿದ್ದು ಯಾಕೆ ಮಾರಾಯ್ರೆ? ದ್ರಾಕ್ಷಿಯ ಬೂಜು ತುಪ್ಪಟ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ತಾಮ್ರ ಶಿಲೀಂಧ್ರಕ್ಕೂ ಪಾಚಿಗೂ ವಿಷ. ಕಾರಣ ಅದೇ ಇರಬಹುದು, ಅಥವಾ ಬಳ್ಳಿಯ ನೆರಳು, ಅಥವಾ ಕೂಚ ಹೊಸದು. ತೋಟದವರನ್ನೇ ಕೇಳಿ: ಕೂಚ ಯಾವಾಗ ನೆಟ್ಟರು, ವರ್ಷಕ್ಕೆ ಎಷ್ಟು ಸಲ ಹೊಡೆಯುತ್ತಾರೆ, ಯಾವ ಔಷಧಿ. ಎರಡೂ ಕಡೆಯ ಕೂಚದ ಫೋಟೋ ಹತ್ತಿರದಿಂದ ತೆಗೆದು ಜೊತೆಗೆ ಕಳಿಸಿ. ಆರುನೂರು ಪದ ಸಾಕು, ಜಾಸ್ತಿ ಬೇಡ.