ಓದುಗರ ಪ್ರಶ್ನೆ: ನೂರಕ್ಕೆ ನೂರು, ಅದೂ ಬೇಗ

ಪ್ರಶ್ನೆ: ನಾನೂ ತಮ್ಮನೂ 2005ರಲ್ಲಿ ಬಂದ ‘ಸ್ವಾಟ್ 4’ ಎಂಬ ಪೊಲೀಸ್ ವಿಡಿಯೊ ಗೇಮನ್ನು ಗಡಿಯಾರ ಮುಂದಿಟ್ಟುಕೊಂಡು ಆಡುತ್ತೇವೆ. ಅವಸರ ಮಾಡಿದರೆ ಅಂಕ ಹೋಗುತ್ತದೆ, ಅಂಕ ಉಳಿಸಿದರೆ ಸಮಯ ಹೋಗುತ್ತದೆ. ಎರಡೂ ಒಟ್ಟಿಗೆ ಸಾಧ್ಯವೇ?
– ಓದುಗರು, ತುಮಕೂರು

ಉತ್ತರ: ಸಾಧ್ಯ, ಆದರೆ ಗುಂಡು ಹಾರಿಸುವ ಆಸೆಯನ್ನು ಮೊದಲು ಬಿಡಬೇಕು. ಈ ಆಟದಲ್ಲಿ ಶಂಕಿತನನ್ನು ಕೊಲ್ಲುವುದಕ್ಕಿಂತ ಜೀವಂತ ಬಂಧಿಸುವುದಕ್ಕೇ ಹೆಚ್ಚು ಅಂಕ. ಅತಿ ಕಠಿಣವಾದ ‘ಎಲೀಟ್’ ಹಂತದಲ್ಲಿ 95 ಬಾರದಿದ್ದರೆ ತೇರ್ಗಡೆಯೇ ಇಲ್ಲ. ಶಂಕಿತರೂ ಒತ್ತೆಯಾಳುಗಳೂ ಪ್ರತಿ ಸಲ ಜಾಗ ಬದಲಿಸುವುದರಿಂದ, ದಾರಿಯನ್ನು ಬಾಯಿಪಾಠ ಮಾಡಿ ಓಡುವ ತಂತ್ರ ಅರ್ಧದಲ್ಲೇ ಕೈಕೊಡುತ್ತದೆ. ಬಾಗಿಲ ಸಂದಿಯಲ್ಲಿ ಸಣ್ಣ ಕ್ಯಾಮೆರಾ ತೂರಿಸಿ ನೋಡಿ, ಫ್ಲಾಶ್‌ಬ್ಯಾಂಗ್ (ಭಾರಿ ಬೆಳಕು, ಸದ್ದಿನಿಂದ ದಿಗ್ಭ್ರಮೆಗೊಳಿಸುವ ಗ್ರೆನೇಡ್) ಎಸೆದು, ತತ್ತರಿಸುತ್ತಿರುವವನನ್ನು ಗದರಿಸಿ ಮಂಡಿಯೂರಿಸಿ ಬೇಡಿ ತೊಡಿಸುವ ಕೆಲಸವನ್ನು ತಡವರಿಸದೆ ಮಾಡಲು ಕಲಿತರೆ ಅರ್ಧ ಗೆದ್ದಂತೆ. (ಒತ್ತೆಯಾಳಿಗೂ ಬೇಡಿ ಹಾಕಬೇಕೆಂಬುದು ಮೊದಮೊದಲು ನನಗೂ ಅನ್ಯಾಯವೆನಿಸಿತ್ತು.) ನನ್ನ ಅನುಭವದಲ್ಲಿ ಸಮಯ ಸೋರುವುದು ಬೇರೆ ಕಡೆ: ಮೂಲೆಯಲ್ಲಿ ಬಿದ್ದ ಪಿಸ್ತೂಲನ್ನು ಎತ್ತಿಕೊಳ್ಳದೆ, ಬಂಧಿತನ ಬಗ್ಗೆ ರೇಡಿಯೊದಲ್ಲಿ ವರದಿ ಮಾಡದೆ ಮುಂದೆ ಹೋದರೆ, ಕೊನೆಗೆ ಇಡೀ ಕಟ್ಟಡವನ್ನು ಮತ್ತೆ ಸುತ್ತಬೇಕಾಗುತ್ತದೆ. ಇಬ್ಬರೂ ಜೊತೆಯಾಗಿ ಆಡುವುದಾದರೆ ಬೇಡಿಯ ಕೆಲಸ ನಿಮಗಿರಲಿ, ಆಯುಧ ಮತ್ತು ವರದಿ ತಮ್ಮನಿಗಿರಲಿ.