ನಂಬರ್ 4, ಝಾರ್ಖಂಡ್

(ಹೆಸರು, ವಯಸ್ಸು, ಮನೆಯ ಗುರುತು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುವಾರ್ತಮ್ಮ ಎಂದು ಕರೆಯೋಣ. ಐವತ್ತು ದಾಟಿದ ವಿಧವೆ. ಗದಗದ ಕಡೆಯವರು, ಗೋವಾದ ವಾಸ್ಕೋಗೆ ಬಂದು ಮೂವತ್ತು ವರ್ಷವಾಯಿತು. ಗಂಡ ಬಂದರಿನಲ್ಲಿ ಹಮಾಲಿ ಮಾಡಿ ಕಟ್ಟಿಸಿದ ಆರು ಕೋಣೆಗಳ ಚಾಳಿನ ಬಾಡಿಗೆಯೇ ಈಗ ಜೀವನಾಧಾರ. ನಿದ್ದೆ ಬರುವುದಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಬಂದರು. ವೈದ್ಯರು ಬಿ.ಪಿ., ಥೈರಾಯ್ಡ್ ಎರಡೂ ಸರಿಯಿವೆ ಎಂದಿದ್ದರು. ಎದ್ದು ಹೊರಡುವ ಹೊತ್ತಿಗೆ ಇನ್ನೊಂದು ಮಾತು ಹೇಳಿದರು: ಎರಡು ತಿಂಗಳಿಂದ ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ) ಸಮಯಕ್ಕೆ ಸರಿಯಾಗಿ ದೇವಾಲಯದಿಂದ ಹೊರಗೆ ಬಂದು ಚಪ್ಪಲಿಗಳ ಹತ್ತಿರ ನಿಲ್ಲುತ್ತಾರಂತೆ. ಯಾರಾದರೂ ಕೇಳಿದರೆ ಮೊಣಕಾಲು ನೋವು.

ವಿಷಯ ಹೊರಬರಲು ಮತ್ತೊಂದು ಭೇಟಿ ಬೇಕಾಯಿತು. ನಾಲ್ಕನೆಯ ಕೋಣೆಯಲ್ಲಿ ಝಾರ್ಖಂಡ್‌ನ ಸೆಂಟ್ರಿಂಗ್ ಕೆಲಸಗಾರ, ಹೆಂಡತಿ, ಎರಡು ವರ್ಷದ ಕೂಸು ಇದ್ದರು. ಜೂನ್‌ನಲ್ಲಿ ಬಾಡಿಗೆದಾರರ ತಪಾಸಣೆಗೆ ಪೊಲೀಸರು ಬರುತ್ತಾರೆ ಎಂಬ ಸುದ್ದಿ ಓಣಿಗೆ ಬಂತು. ಗೋವಾದಲ್ಲಿ ಬಾಡಿಗೆದಾರರ ವಿವರವನ್ನು ಮನೆಯ ಮಾಲೀಕರೇ ಠಾಣೆಗೆ ಕೊಡಬೇಕು. ಇವರು ಆರು ಕೋಣೆಗಳಲ್ಲಿ ಒಂದರದ್ದೂ ಕೊಟ್ಟಿರಲಿಲ್ಲ. ನಾಲ್ಕನೆಯ ಕೋಣೆಯವರಿಗೆ ಎರಡು ದಿನದಲ್ಲಿ ಖಾಲಿ ಮಾಡಿ ಎಂದರು. ತಿಂಗಳು ಮುಗಿಯಲಿ ಎಂದು ಅವರು ಬೇಡಿಕೊಂಡಾಗ, ಅಂಗಳದ ನಲ್ಲಿಯ ಹಿಡಿಗೆ ಟ್ರಂಕಿನ ಬೀಗ ಸಿಕ್ಕಿಸಿ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಉಳಿದ ಐದು ಮನೆಯವರು ಕೊಡ ಹಿಡಿದು ಬಂದಾಗ ಮಾತ್ರ ಬಿಚ್ಚುತ್ತಿದ್ದರು. ಮೂರನೆಯ ದಿನ ಆ ಮೂವರು ಮಳೆಯಲ್ಲೇ ಹೋದರು. 6,000 ರೂಪಾಯಿ ಠೇವಣಿ ಸುಣ್ಣಬಣ್ಣಕ್ಕೆ ಎಂದು ಇವರಲ್ಲೇ ಉಳಿಯಿತು.

"ನನ್ನದೇನು ತಪ್ಪು? ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ರೋಮಾಪುರದವರಿಗೆ ಬರೆದದ್ದು ಪೌಲನೇ ಅಲ್ಲವೇ?" ಎಂದರು.

ಇಲ್ಲಿ ಎಡವಿದ್ದು ನಾನು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ಎತ್ತಿದೆ. ನಾನು ಮುಗಿಸುವ ಮೊದಲೇ ಅವರು, "ಪರದೇಶಿಯಾಗಿದ್ದೆನು, ನನ್ನನ್ನು ಸೇರಿಸಿಕೊಂಡಿರಿ" ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳಿ ಮುಗಿಸಿದರು. ಭಾನುವಾರದ ಶಾಲೆಯಲ್ಲಿ ಕಲಿಸುವವರಿಗೆ ನಾನು ವಾಕ್ಯ ಹೇಳಲು ಹೋಗಿದ್ದೆ! ನಮ್ಮ ಕಡೆ ಪರದೇಶಿ ಎನ್ನುವುದು ಬೈಗುಳವೂ ಹೌದು, ಹಿಂದೆ ಮುಂದೆ ಯಾರೂ ಇಲ್ಲದವನು ಎಂದು. ಆ ಅರ್ಥ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ವಾಕ್ಯ ಬಿಟ್ಟು ಕಾಯ್ದೆಗೆ ಬಂದೆ. "ಅಕ್ಕ, ಪೊಲೀಸರು ಕೇಳುವುದು ಅರ್ಜಿ ಮತ್ತು ಗುರುತಿನ ಚೀಟಿಯ ನಕಲು. ಹೊರಗೆ ಹಾಕಿ ಎಂದು ಯಾರು ಹೇಳಿದರು?"

ಬಹಳ ಹೊತ್ತು ಸೆರಗಿನ ಗಂಟನ್ನೇ ತಿರುವುತ್ತಾ ಕುಳಿತರು. "ಅರ್ಜಿ ಕೊಡದೆ ಇದ್ದದ್ದು ನಾನು" ಎಂದರು.

ಮುಂದಿನ ವಾರ ಬಾಡಿಗೆಯ ಉದ್ದ ನೋಟ್‌ಬುಕ್ ತರಲು ಹೇಳಿದ್ದೆ. ಹುಬ್ಬಳ್ಳಿ, ಕೊಪ್ಪಳದವರಿಗೆಲ್ಲ ತಂದೆಯ ಹೆಸರು ಸಮೇತ ಪುಟಗಳಿದ್ದವು. ಒಂದು ಪುಟದ ತಲೆಯ ಮೇಲೆ ಮಾತ್ರ "ನಂಬರ್ 4, ಝಾರ್ಖಂಡ್" ಎಂದಿತ್ತು. ಹೆಸರೇನು ಎಂದೆ. ಗೊತ್ತಿಲ್ಲ. ಹೇಗೆ ಕರೆಯುತ್ತಿದ್ದಿರಿ? "ಏ ಬಿಹಾರಿ ಎನ್ನುತ್ತಿದ್ದೆ." ಹದಿನಾಲ್ಕು ತಿಂಗಳು ಒಂದೇ ಅಂಗಳದಲ್ಲಿ ಇದ್ದವರು. ಘಟ್ಟದ ಮೇಲಿನವರು ಎಂದು ಇಲ್ಲಿ ನಮ್ಮನ್ನು ಹೀಯಾಳಿಸುವ "ಘಾಟಿ" ಎಂಬ ಮಾತನ್ನು ಮೀನು ಮಾರುಕಟ್ಟೆಯಲ್ಲಿ ಕೇಳಿ ಅಳುತ್ತಾ ಮನೆಗೆ ಬಂದದ್ದನ್ನು ಹಿಂದಿನ ವಾರವಷ್ಟೇ ಹೇಳಿದ್ದರು.

ವಾಸ್ಕೋದ ಬೈನಾದ ಮಾತು ಬಂದದ್ದು ಆಮೇಲೆ. 2004ರ ಜೂನ್‌ನಲ್ಲಿ, ವೇಶ್ಯಾವಾಟಿಕೆ ತೆರವು ಮಾಡುತ್ತೇವೆಂದು ಬೈನಾ ಕಡಲತೀರದಲ್ಲಿ ಮನೆಗಳನ್ನು ಕೆಡವಿದಾಗ, ಕೂಲಿಯವರಾದ ಇವರ ಗುಡಿಸಲೂ ಹೋಯಿತು. ಬೈನಾದವರು ಎಂದರೆ ಸಾಕು, ಬಾಡಿಗೆಗೆ ಮನೆ ಕೇಳಲು ಹೋದಲ್ಲಿ ಜನ ಇವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರಂತೆ. ಕೊನೆಗೆ ಕೊಂಕಣಿ ಕ್ಯಾಥೊಲಿಕ್ ಮುದುಕಿಯೊಬ್ಬರು ಹೊರಜಗಲಿಯಲ್ಲಿ ಹನ್ನೊಂದು ರಾತ್ರಿ ಮಲಗಲು ಬಿಟ್ಟರು. ಗಂಜಿಯ ತಟ್ಟೆ ಮುಂದಿಡುವ ಮೊದಲು "ತುಜೆಂ ನಾಂವ್ ಕಿತೆಂ?" ಎಂದು ಹೆಸರು ಕೇಳಿದರು. ಇದನ್ನು ಹೇಳುವಾಗ ಸುವಾರ್ತಮ್ಮ ನೋಟ್‌ಬುಕ್ ಮುಚ್ಚಿದರು.

ಬೈಬಲ್‌ನ ವಿಮೋಚನಕಾಂಡದ 23ನೆಯ ಅಧ್ಯಾಯ ಪರದೇಶಿಯನ್ನು ಬಾಧಿಸಬೇಡಿ ಎನ್ನುವಾಗ ಕೊಡುವ ಕಾರಣ ಕುತೂಹಲದ್ದು: ನೀವೂ ಐಗುಪ್ತದಲ್ಲಿ (ಈಜಿಪ್ಟ್) ಪರದೇಶಿಗಳಾಗಿದ್ದಿರಿ, ಅವರ ಮನಸ್ಸು ನಿಮಗೆ ಗೊತ್ತು. ಆಜ್ಞೆ ನಿಂತಿರುವುದೇ ನೆನಪಿನ ಮೇಲೆ. ಆದರೆ ಎತ್ತಂಗಡಿಯಾದವರಲ್ಲಿ ನಾನು ಹೆಚ್ಚಾಗಿ ಕಾಣುವುದು, ಇದೇ ನೆನಪು ತಿರುಗಿಬಿದ್ದು "ನಾವು ಸಹಿಸಲಿಲ್ಲವೇ, ಇವರಿಗೇನು?" ಎನ್ನುವುದನ್ನು. ಸುವಾರ್ತಮ್ಮನವರೂ ಬೀಗ ಹಾಕುವಾಗ ಈ ಮಾತನ್ನೇ ಅಂದುಕೊಂಡಿದ್ದರು.

ಪರಿಹಾರವನ್ನು ಅವರೇ ಯೋಚಿಸಿಕೊಂಡು ಬಂದಿದ್ದರು: 6,000 ರೂಪಾಯಿಯನ್ನು ಕೃತಜ್ಞತಾ ಕಾಣಿಕೆಯಾಗಿ ಸಭೆಗೆ ಕೊಟ್ಟುಬಿಡುವುದು. ನಾನು ಬೇಡವೇ ಬೇಡ ಎಂದೆ. ಆ ಹಣ ದೇವರದ್ದಲ್ಲ, ಸೆಂಟ್ರಿಂಗ್‌ನವರದ್ದು. "ಬೈಬಲ್‌ನ ಸುಂಕದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಇಪ್ಪತ್ನಾಲ್ಕು ಸಾವಿರ ಎಲ್ಲಿಂದ ತರಲಿ, ಮೇಡಂ?" ಎಂದು ಮೊದಲ ಸಲ ನಕ್ಕರು. ಮೊದಲು ಒಂದರಷ್ಟು ಕೊಡಿ, ಸುಣ್ಣಬಣ್ಣದ ಲೆಕ್ಕ ಹಿಡಿಯಬೇಡಿ ಎಂದೆ. ಉಳಿದ ಐದು ಕೋಣೆಗಳ ಅರ್ಜಿಗಳನ್ನು ಅದೇ ವಾರ ಠಾಣೆಗೆ ಕೊಡಲು ಹೇಳಿದೆ. ಆ ಭಯ ಇರುವವರೆಗೆ ಮುಂದಿನ ತಪಾಸಣೆಗೆ ಇನ್ನೊಬ್ಬರು ಮಳೆಗೆ ಬೀಳುತ್ತಾರೆ. ಕ್ಷಮೆ ಕೇಳಿ, ಆದರೆ ಕ್ಷಮಿಸಿದೆ ಎಂಬ ಮಾತನ್ನು ಅವರ ಬಾಯಿಂದ ಹೊರಡಿಸಲು ನೋಡಬೇಡಿ ಎಂದೂ ಹೇಳಿದೆ. ಕರ್ತನ ಭೋಜನದ ಪ್ರಶ್ನೆ ನನ್ನ ವ್ಯಾಪ್ತಿಯದ್ದಲ್ಲ. ಸಭಾಪಾಲಕರ ಹತ್ತಿರ ಮಾತನಾಡಿ ಎಂದೆ.

ಅವರನ್ನು ಹುಡುಕುವುದು ಹೇಗೆ? ಬಾಡಿಗೆ ಮಗನ ಫೋನ್‌ಪೇಗೆ ಬರುತ್ತಿತ್ತು. ಹೆಸರು, ನಂಬರ್ ಎರಡೂ ಅದರಲ್ಲೇ ಇದ್ದವು, ಹದಿನಾಲ್ಕು ಸಲ.

ಮೊದಲ ಸಲ ಕರೆ ಮಾಡಿದಾಗ, ಇನ್ನೂ ಬಾಕಿ ಕೇಳುತ್ತಾರೆಂದುಕೊಂಡು ಆತ ಕತ್ತರಿಸಿದ. ಮಗ ಹಣ ಕಳುಹಿಸಿ, ತಾಯಿ ಹೇಳಿದ್ದನ್ನು ಹಿಂದಿಯಲ್ಲಿ ಬರೆದ: ನೀರು ನಿಲ್ಲಿಸಿದ್ದು ನನ್ನ ತಪ್ಪು. ಸಂದೇಶ ಓದಿದ ಗುರುತು ಬಂದಿದೆ. ಉತ್ತರ ಬಂದಿಲ್ಲ. ನಲ್ಲಿಯ ಬೀಗ ಮತ್ತೆ ಟ್ರಂಕಿಗೆ ಹೋಗಿದೆ. ನಿದ್ದೆ ಒಂದು ರಾತ್ರಿ ಬಂದರೆ ಇನ್ನೊಂದು ರಾತ್ರಿ ಇಲ್ಲ. ಮುಂದಿನ ಭೇಟಿ ಗುರುವಾರ.